ನಾಲ್ಕು ದಿನದ ಚುನಾವಣಾ ಕೆಲಸ ಮತ್ತು ನಿರುದ್ಯೋಗ ಭತ್ಯೆ

2024ರ ಮೇ ತಿಂಗಳ ಮೂರನೇ ವಾರ. ಗಡಹಿಂಗ್ಲಜ ದಾಟಿ ಮಹಾಗಾಂವಕ್ಕೆ ಹೋಗಿದ್ದೆ. ಎಸ್ಟಿ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬ ಹುಡುಗ ಎದುರಿಗೆ ಬಂದು ಕುಳಿತ. ಊರು ಸಂಕೇಶ್ವರ, ಮಹಾಗಾಂವ ಅವನ ಅಜ್ಜಿಯ ಮನೆ. ಬಿ.ಕಾಂ. ಮುಗಿಸಿ ವರ್ಷವಾಗುತ್ತ ಬಂದಿತ್ತು, ಕೆಲಸ ಸಿಕ್ಕಿರಲಿಲ್ಲ, ಕರ್ನಾಟಕದ ನಿರುದ್ಯೋಗ ಭತ್ಯೆ ಯುವನಿಧಿ ಬರುತ್ತಿತ್ತು. ಮೊಬೈಲನ್ನು ನನ್ನ ಕಡೆ ತಿರುಗಿಸಿ ಕೇಳಿದ: “ಕಾಕಾ, ವೋಟಿಂಗ್ ದಿನಾ ಬೂತಿನ್ಯಾಗ ಕ್ಯಾಮೆರಾ ನೋಡ್ಕೊಂಡು ಕುಂತಿದ್ದೆ. ಅದಕ್ಕ ರೊಕ್ಕಾ ಬಂದೈತಿ. ಈಗ ಇಲ್ಲೆ ‘ನನಗ ಕೆಲಸಾ ಇಲ್ಲ’ ಅಂತ ಒತ್ತಿದ್ರ ಸುಳ್ಳ ಹೇಳಿದಂಗ ಆಗ್ತದೇನ್ರಿ?”

ಆ ತಿಂಗಳ 7ರಂದು ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಮಗ್ಗುಲಲ್ಲಿ ಒಂದೇ ದಿನ ಮತದಾನವಾಗಿತ್ತು. ಆಚೆ ಚಿಕ್ಕೋಡಿ, ಬೆಳಗಾವಿ. ಈಚೆ ಕೊಲ್ಹಾಪುರ, ಹತ್ಕಣಂಗಲೆ. ಒಂದೇ ಮನೆತನದ ಮಂದಿ ಎರಡು ರಾಜ್ಯಗಳ ಬೂತುಗಳಲ್ಲಿ ದುಡಿದಿದ್ದರು. ಹುಡುಗನ ಪ್ರಶ್ನೆಯಂಥದೇ ಇನ್ನೊಂದು ಪ್ರಶ್ನೆಯನ್ನು ಅದಕ್ಕೆ ಮುಂಚೆ ನೂಲದ ಕಡೆಯ ಒಬ್ಬ ಅಕ್ಕ ಕೇಳಿದ್ದಳು. ಅವಳ ಹತ್ತಿರ ರೋಜಗಾರ ಹಮಿಯ, ಅಂದರೆ ಉದ್ಯೋಗ ಖಾತರಿಯ, ಜಾಬ್ ಕಾರ್ಡ್ ಇದೆ. ಪ್ರಚಾರದ ಕಾರ್ಯಕರ್ತರಿಗೆ ಹತ್ತು ದಿನ ಭಾಕ್ರಿ ಬಡಿದು ಹಾಕಿದ್ದಳು. ತಿರುಗಿ ಮಸ್ಟರಿನ ಕೆಲಸಕ್ಕೆ ಹೋದಾಗ, ಹತ್ತು ದಿನ ತಪ್ಪಿಸಿದ್ದಕ್ಕೆ ಇನ್ನು ಭತ್ಯೆ ಕೇಳುವಂತಿಲ್ಲ ಎಂದು ಯಾರೋ ಹೇಳಿದರಂತೆ.

ಇಬ್ಬರೂ ಪ್ರಾಮಾಣಿಕರು. ಇಬ್ಬರನ್ನೂ ಕಾಡಿದ್ದು ಒಂದೇ ಭಯ: ನಾಲ್ಕು ಕಾಸು ಸಿಕ್ಕಿತೆಂದು ಚುನಾವಣೆಯ ಕೆಲಸ ಒಪ್ಪಿಕೊಂಡದ್ದಕ್ಕೆ ತಿಂಗಳುಗಟ್ಟಲೆಯ ಆಸರೆ ಕೈತಪ್ಪಿ ಹೋದೀತೇ? ಉತ್ತರ ಯಾವ ಯೋಜನೆ, ಯಾವ ಬಗೆಯ ಕೆಲಸ, ಎಷ್ಟು ದಿನ ಎಂಬ ಮೂರು ಸಂಗತಿಗಳ ಮೇಲೆ ನಿಂತಿದೆ. ಅವನ್ನು ಒಂದೊಂದಾಗಿ ನೋಡೋಣ.

ಚುನಾವಣೆಯ ಕೆಲಸ ಎಂದರೆ ಯಾವುದು?

ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಮತಗಟ್ಟೆ ಅಧಿಕಾರಿಗಳನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 26ನೇ ಕಲಮಿನಡಿ ಜಿಲ್ಲಾ ಚುನಾವಣಾಧಿಕಾರಿ ನೇಮಿಸುತ್ತಾರೆ. ಅದಕ್ಕೆ ಬೇಕಾದ ಸಿಬ್ಬಂದಿ ಬರುವುದು ಸರಕಾರಿ ಕಚೇರಿ, ಸ್ಥಳೀಯ ಸಂಸ್ಥೆ, ಅನುದಾನಿತ ಶಾಲೆಗಳಂಥ ಕಡೆಯಿಂದ. ಅವರಿಗೆ ಸಂಬಳ ಇದ್ದೇ ಇದೆ, ಅದರ ಮೇಲೆ ಗೌರವಧನ. 2025ರ ಆಗಸ್ಟ್‌ನಲ್ಲಿ ಚುನಾವಣಾ ಆಯೋಗ ಅಧ್ಯಕ್ಷಾಧಿಕಾರಿಯ ಗೌರವಧನವನ್ನು ದಿನಕ್ಕೆ 350 ರೂಪಾಯಿಯಿಂದ 500ಕ್ಕೆ, ಮತಗಟ್ಟೆ ಅಧಿಕಾರಿಯದನ್ನು 250ರಿಂದ 400ಕ್ಕೆ ಏರಿಸಿತು. ಬೂತ್ ಮಟ್ಟದ ಅಧಿಕಾರಿಗಳ ವಾರ್ಷಿಕ ಗೌರವಧನ 6,000ದಿಂದ 12,000 ರೂಪಾಯಿ ಆಯಿತು.

ಕೆಲಸವಿಲ್ಲದವರ ಪಾಲಿಗೆ ಬರುವ ಚುನಾವಣಾ ಕೆಲಸ ಬೇರೆ. ಅದರಲ್ಲಿ ಮೂರು ಬಗೆ. ಮೊದಲನೆಯದು ಆಡಳಿತವೇ ಕರೆದು ಕೊಡುವ ಬಿಡಿ ಕೆಲಸ: ಕ್ಯಾಮೆರಾ ನೋಡಿಕೊಳ್ಳುವುದು, ವಿಡಿಯೊ ತೆಗೆಯುವುದು, ತಹಶೀಲ್ದಾರ ಕಚೇರಿಯಲ್ಲಿ ಕಂಪ್ಯೂಟರಿಗೆ ಮಾಹಿತಿ ತುಂಬುವುದು, ಗಾಡಿ ಓಡಿಸುವುದು. ಎರಡನೆಯದು ಇದೇ ಕೆಲಸವನ್ನು ಗುತ್ತಿಗೆದಾರನ ಕೈಕೆಳಗೆ ಮಾಡುವುದು. ಮೂರನೆಯದು ಪಕ್ಷದ ಅಥವಾ ಅಭ್ಯರ್ಥಿಯ ಪ್ರಚಾರದ ಕೆಲಸ: ಅಡುಗೆ, ಮಂಟಪ, ಧ್ವನಿವರ್ಧಕದ ರಿಕ್ಷಾ, ಮನೆಮನೆಗೆ ಚೀಟಿ ಹಂಚುವುದು. ಮೂರಕ್ಕೂ ನಮ್ಮ ಜನ ‘ಎಲೆಕ್ಷನ್ ಡ್ಯೂಟಿ’ ಎನ್ನುತ್ತಾರೆ. ಕಾಗದದ ಮೇಲೆ ಮಾತ್ರ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಆದೇಶದ ಪ್ರತಿ ಇರುತ್ತದೆ, ಎರಡನೆಯದಕ್ಕೆ ಗುತ್ತಿಗೆದಾರನ ಹಾಜರಿ ಪುಸ್ತಕ ಇರುತ್ತದೆ, ಮೂರನೆಯದಕ್ಕೆ ಹಲವು ಸಲ ಏನೂ ಇರುವುದಿಲ್ಲ. ಅಭ್ಯರ್ಥಿ ತನ್ನ ಖರ್ಚಿನ ಲೆಕ್ಕವನ್ನು ಕಾಯ್ದೆಯಂತೆ ಇಡಬೇಕು, ಫಲಿತಾಂಶ ಬಂದ 30 ದಿನದೊಳಗೆ ಒಪ್ಪಿಸಬೇಕು. ಆದರೆ ಭಾಕ್ರಿ ಬಡಿದವಳ ಕೂಲಿ ಆ ಲೆಕ್ಕದಲ್ಲಿ ಬಂತೋ ಇಲ್ಲವೋ ಅವಳಿಗೆ ಗೊತ್ತಾಗುವುದಿಲ್ಲ.

ಹಮಿ ಕೆಲಸದ ಲೆಕ್ಕ

ಅಕ್ಕನ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಕೆಲಸ ಕೇಳಿದವರಿಗೆ ಕೆಲಸ ಕೊಡಬೇಕು, ಕೊಡಲಾಗದಿದ್ದರೆ ಭತ್ಯೆ ಕೊಡಬೇಕು ಎಂಬ ವಿಚಾರಕ್ಕೆ ಈ ನೆಲದ ನಂಟು ಹಳೆಯದು. ನೆರೆಯ ಸಾಂಗಲಿ ಜಿಲ್ಲೆಯ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ 1965ರಲ್ಲಿ ವಿ.ಸ. ಪಾಗೆ ಇದನ್ನು ಪ್ರಯೋಗ ಮಾಡಿ ನೋಡಿದರು. 1972ರ ದೊಡ್ಡ ಬರಗಾಲದಲ್ಲಿ ಅದು ಇಡೀ ಮಹಾರಾಷ್ಟ್ರದ ಯೋಜನೆಯಾಯಿತು. 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. 2005ರಲ್ಲಿ ಕೇಂದ್ರ ತಂದ ಉದ್ಯೋಗ ಖಾತರಿ ಕಾಯ್ದೆ ಇದೇ ಬೇರಿನಿಂದ ಚಿಗುರಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ಒಪ್ಪಿದೆ. ಆ ಅಕ್ಕ ದುಡಿದ ಕಾಲಕ್ಕೆ ಅನ್ವಯಿಸಿದ್ದು 2005ರ ಕಾಯ್ದೆ, ಆದ್ದರಿಂದ ಲೆಕ್ಕವನ್ನು ಅದರಿಂದಲೇ ಹೇಳುತ್ತೇನೆ.

ಕೆಲಸ ಬೇಡಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಶುರುವಾಗುತ್ತದೆ. ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ ಕಡಿಮೆ ಇರಕೂಡದು, ಆಮೇಲೆ ಅರ್ಧಕ್ಕೆ ಕಡಿಮೆ ಇರಕೂಡದು. ಮಹಾರಾಷ್ಟ್ರದಲ್ಲಿ 2025-26ರ ದಿನಗೂಲಿ 312 ರೂಪಾಯಿ. ಆ ಲೆಕ್ಕಕ್ಕೆ ಮೊದಲ ತಿಂಗಳು ದಿನಕ್ಕೆ 78, ಆಮೇಲೆ 156. ಗಡಿ ದಾಟಿ ಸಂಕೇಶ್ವರದ ಕಡೆ ಹೋದರೆ ಕರ್ನಾಟಕದ ಕೂಲಿ ಅದೇ ವರ್ಷ 370, ಅಲ್ಲಿಯ ಕಾಲುಭಾಗ 92 ರೂಪಾಯಿ 50 ಪೈಸೆ. ಒಂದೇ ಬಿಸಿಲು, ಒಂದೇ ಸಲಿಕೆ, ದಿನಗೂಲಿಯಲ್ಲಿ 58 ರೂಪಾಯಿಯ ಅಂತರ.

ಈಗ ಕಠಿಣವಾದ ಕಲಮು. ಕೊಟ್ಟ ಕೆಲಸವನ್ನು ಒಪ್ಪದವರು, ಕರೆದ 15 ದಿನದೊಳಗೆ ಹಾಜರಾಗದವರು, ಅನುಮತಿ ಇಲ್ಲದೆ ಸತತವಾಗಿ ಒಂದು ವಾರಕ್ಕಿಂತ ಹೆಚ್ಚು ಗೈರಾದವರು, ಇಲ್ಲವೆ ಒಂದೇ ತಿಂಗಳಲ್ಲಿ ಒಟ್ಟು ಒಂದು ವಾರಕ್ಕಿಂತ ಹೆಚ್ಚು ಗೈರಾದವರು ಮೂರು ತಿಂಗಳು ನಿರುದ್ಯೋಗ ಭತ್ಯೆಗೆ ಅರ್ಹರಲ್ಲ ಎಂದು 2005ರ ಕಾಯ್ದೆಯ 9ನೇ ಕಲಮು ಹೇಳುತ್ತದೆ. ನೂಲದ ಅಕ್ಕ ಸಿಕ್ಕಿಕೊಂಡದ್ದು ಇಲ್ಲಿ. ಚುನಾವಣೆಯ ಕೆಲಸ ಮಾಡಿದ್ದಕ್ಕೆ ಕಾಯ್ದೆ ಅವಳನ್ನು ಹೊರಗಿಡುವುದಿಲ್ಲ. ಮಸ್ಟರಿನಲ್ಲಿ ಅವಳ ಹೆಸರು ನಡೆಯುತ್ತಿದ್ದಾಗ ಹೇಳದೆ ಕೇಳದೆ ಹತ್ತು ದಿನ ತಪ್ಪಿಸಿದ್ದು ತೊಡಕಾಯಿತು. ಎರಡು ದಿನದ ಬೂತಿನ ಕೆಲಸಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಹತ್ತು ದಿನಕ್ಕೂ ಮೊದಲೇ ಅರ್ಜಿ ಬರೆದು ಅನುಮತಿ ಪಡೆದಿದ್ದರೆ ಅವಳ ಕೈ ಗಟ್ಟಿಯಾಗಿರುತ್ತಿತ್ತು.

ಅವಳಿಗೆ ಹೇಳಿದವರು ಮುಚ್ಚಿಟ್ಟ ಅಥವಾ ಮರೆತ ಮಾತು ಇನ್ನೊಂದಿದೆ. ಅದೇ ಕಲಮಿನಲ್ಲಿ, ಇಂಥವರು ಯಾವಾಗ ಬೇಕಾದರೂ ಕೆಲಸ ಕೇಳಬಹುದು ಎಂದೂ ಇದೆ. ಮೂರು ತಿಂಗಳು ನಿಲ್ಲುವುದು ಭತ್ಯೆಯ ಹಕ್ಕು ಮಾತ್ರ. ಕೆಲಸದ ಹಕ್ಕು ಒಂದು ದಿನವೂ ನಿಲ್ಲುವುದಿಲ್ಲ. ಅವಳು ಮರುದಿನವೇ ಗ್ರಾಮ ರೋಜಗಾರ ಸೇವಕನ ಹತ್ತಿರ ಹೋಗಿ ಕೆಲಸದ ಬೇಡಿಕೆ ಬರೆದುಕೊಟ್ಟು, ದಿನಾಂಕ ಹಾಕಿದ ಪೋಚಪಾವತಿ, ಅಂದರೆ ರಸೀದಿ, ಕೇಳಬಹುದಿತ್ತು. ಆ ಪಾವತಿಯ ಚೀಟಿ ಅಂಗೈಯಷ್ಟೂ ಅಗಲ ಇರಲಾರದು. ಆದರೆ 15 ದಿನದ ಎಣಿಕೆ ಶುರುವಾಗುವುದು ಅದರ ಮೇಲಿನ ತಾರೀಖಿನಿಂದ. ಅದು ಇಲ್ಲದೆ ಬಾಯಿಮಾತಿನಲ್ಲಿ ಕೆಲಸ ಕೇಳಿದವರಿಗೆ ಭತ್ಯೆಯೂ ಬಾಯಿಮಾತಾಗಿಯೇ ಉಳಿಯುತ್ತದೆ.

ಚುನಾವಣೆಯ ಹೊತ್ತಿಗೆ ಹಳ್ಳಿಗಳಲ್ಲಿ ಹಬ್ಬುವ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. “ಆಚಾರಸಂಹಿತೆ ಹತ್ಯೈತಿ, ಈಗ ಕೆಲಸಾ ಇಲ್ಲ” ಎಂದು ಜನರನ್ನು ತಿರುಗಿ ಕಳಿಸುವುದುಂಟು. ನೀತಿ ಸಂಹಿತೆ ಹೊಸ ಯೋಜನೆ ಸಾರುವುದನ್ನು ತಡೆಯುತ್ತದೆ. ನಡೆಯುತ್ತಿರುವ ಖಾತರಿ ಕೆಲಸವನ್ನು ನಿಲ್ಲಿಸುವುದಿಲ್ಲ. ನೋಂದಾಯಿತ ಕೂಲಿಕಾರರನ್ನು ನಡೆಯುತ್ತಿರುವ ಕೆಲಸಕ್ಕೆ ಸೇರಿಸಿಕೊಳ್ಳಬಹುದು. ಮೊದಲೇ ಮಂಜೂರಾಗಿ ಹಣ ಮೀಸಲಿಟ್ಟ ಪಟ್ಟಿಯ ಕೆಲಸವನ್ನು ಜಾಬ್ ಕಾರ್ಡ್ ಇದ್ದವರಿಗಾಗಿ ಕೈಗೊಳ್ಳುವುದಕ್ಕೂ ಅವಕಾಶವಿದೆ. ಬೇಡಿಕೆ ಅರ್ಜಿ ತೆಗೆದುಕೊಳ್ಳಬೇಡಿ ಎಂದು ಸಂಹಿತೆ ಎಲ್ಲಿಯೂ ಹೇಳಿಲ್ಲ.

ಯುವನಿಧಿಯ ಲೆಕ್ಕ

ಇನ್ನು ಸಂಕೇಶ್ವರದ ಹುಡುಗ. ಯುವನಿಧಿಗೆ 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. 2022-23ನೇ ಸಾಲಿನಲ್ಲಿ ಪಾಸಾದವರಿಂದ ಶುರುವಾಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ಅಷ್ಟರೊಳಗೆ ಕೆಲಸ ಸಿಕ್ಕರೆ ಅಲ್ಲಿಗೆ ಮುಗಿಯಿತು. ಸರಕಾರಿ ಅಥವಾ ಖಾಸಗಿ ನೌಕರಿ ಇದ್ದವರು, ಮುಂದೆ ಓದುತ್ತಿರುವವರು, ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುವವರು, ಸಾಲ ಪಡೆದು ಸ್ವಂತ ಉದ್ಯೋಗ ಮಾಡುವವರು ಇದಕ್ಕೆ ಹೊರಗು. ತನಗೆ ಕೆಲಸವಿಲ್ಲ ಎಂದು ಫಲಾನುಭವಿಯೇ ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು. ಸುಳ್ಳು ಘೋಷಣೆಗೆ ಕಾನೂನು ಕ್ರಮವಿದೆ. ಹುಡುಗನ ಬೆರಳು ನಡುಗಿದ್ದು ಅದಕ್ಕೇ.

ನಾನು ಅವನಿಗೆ ಹೇಳಿದ್ದು ಇದು. ಮತದಾನದ ದಿನದ ಕೆಲಸ ಮುಗಿಯುವುದು ಆ ದಿನವೇ. ಅದಕ್ಕೆ ನೇಮಕಾತಿ ಪತ್ರವಿಲ್ಲ, ಮುಂದಿನ ತಿಂಗಳ ಪಗಾರವಿಲ್ಲ, ಬೇಡವೆಂದರೆ ಬಿಡುಗಡೆ ಪತ್ರವೂ ಇಲ್ಲ. ಘೋಷಣೆ ಕೇಳುವುದು ಇಂದು ನಿನಗೆ ನೌಕರಿ ಇದೆಯೇ ಎಂದು. ಇಲ್ಲ ಎನ್ನುವುದು ನಿಜ. ಆದರೆ ಅವನು ಗುತ್ತಿಗೆದಾರನ ಕೈಕೆಳಗೆ ಮಾಡಿದ್ದರೆ ಒಂದು ವಿಚಾರ ನೋಡಲೇಬೇಕು: ಅವನ ಆಧಾರ್ ಪಡೆದು ಭವಿಷ್ಯನಿಧಿಯ ಅಥವಾ ಇಎಸ್‌ಐನ ಸಂಖ್ಯೆ ತೆರೆದಿದ್ದಾರೆಯೇ? ತೆರೆದಿದ್ದರೆ ಎರಡು ದಿನದ ದುಡಿಮೆಯೂ ಗಣಕದ ಕಣ್ಣಿಗೆ ನೌಕರಿಯಾಗಿ ಕಾಣುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಗುತ್ತಿಗೆದಾರ ತುಂಬದಿದ್ದರೆ ಆ ನೌಕರಿ ದಾಖಲೆಯಲ್ಲಿ ಮುಗಿಯುವುದೇ ಇಲ್ಲ. ಹುಡುಗ ಅಲ್ಲೇ ಮೊಬೈಲಿನಲ್ಲಿ ಹುಡುಕಿದ. ಅಂಥ ಸಂಖ್ಯೆ ಇರಲಿಲ್ಲ. ಆದೇಶದ ಪ್ರತಿ ಮಾತ್ರ ಅವನ ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಮಲಗಿತ್ತು, ಅದರ ಮೇಲೆ ದಿನಾಂಕವೂ ಬೂತಿನ ಸಂಖ್ಯೆಯೂ ಸಾಫಾಗಿದ್ದವು. ಅದನ್ನು ಜೋಪಾನವಾಗಿಡು, ಯಾರಾದರೂ ಕೇಳಿದರೆ ಅದೇ ನಿನ್ನ ಸಾಕ್ಷಿ ಎಂದೆ.

ಮಹಾಗಾಂವದಲ್ಲಿರುವ ಅವನ ಮಾವನ ಮಗಳಿಗೆ ಈ ಚಿಂತೆಯೇ ಇಲ್ಲ, ಏಕೆಂದರೆ ಅವಳಿಗೆ ಯುವನಿಧಿಯೇ ಇಲ್ಲ. ಮನೆಯಲ್ಲಿ ಕನ್ನಡ ಮಾತಾಡಿದರೂ ಅವಳು ಮಹಾರಾಷ್ಟ್ರದ ನಿವಾಸಿ, ಓದಿದ್ದೂ ಇಲ್ಲೇ. ಮಹಾರಾಷ್ಟ್ರ 2024ರಲ್ಲಿ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯ ದಾರಿ ಬೇರೆ. ಆರು ತಿಂಗಳ ತರಬೇತಿಗೆ ಹನ್ನೆರಡನೆಯ ಇಯತ್ತೆ ಪಾಸಾದವರಿಗೆ ತಿಂಗಳಿಗೆ 6,000, ಐಟಿಐ ಮತ್ತು ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿಯ ವಿದ್ಯಾವೇತನ ಎಂದು ಶುರುವಾಯಿತು. ಅದು ನಿರುದ್ಯೋಗಿಗೆ ಸುಮ್ಮನೆ ಕೊಡುವ ಭತ್ಯೆಯಲ್ಲ, ಹಾಜರಾಗಿ ಕಲಿತದ್ದಕ್ಕೆ ಕೊಡುವ ಹಣ. ಅಲ್ಲಿರುವವರು ಚುನಾವಣೆಯ ಕೆಲಸಕ್ಕೆ ಹೋಗುವ ಮುಂಚೆ ತರಬೇತಿಯ ಕಚೇರಿಯಲ್ಲಿ ರಜೆ ಬರೆದಿಟ್ಟು ಹೋಗುವುದು ಒಳ್ಳೆಯದು.

ಇಚಲಕರಂಜಿಯ ಗಿರಣಿ ಕಾರ್ಮಿಕನ ಲೆಕ್ಕ

ಇಚಲಕರಂಜಿಯ ಮಗ್ಗ, ಗಿರಣಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ. ಇಎಸ್‌ಐ ಕಟ್ಟುವ ಗಿರಣಿಯಲ್ಲಿದ್ದು ಕೆಲಸ ಕಳೆದುಕೊಂಡವರಿಗೆ 2018ರ ಜುಲೈ 1ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ಮೊದಲು ಸರಾಸರಿ ದಿನಗಳಿಕೆಯ ಕಾಲುಭಾಗ ಕೊಡುತ್ತಿದ್ದರು, ಕೊರೊನಾ ಕಾಲದಿಂದ ಅರ್ಧ. ಹೆಚ್ಚೆಂದರೆ 90 ದಿನ, ಬದುಕಿನಲ್ಲಿ ಒಮ್ಮೆ ಮಾತ್ರ. ದಿನಕ್ಕೆ 400 ರೂಪಾಯಿ ದುಡಿಯುತ್ತಿದ್ದವನಿಗೆ ದಿನಕ್ಕೆ 200, ಒಟ್ಟು 18,000 ರೂಪಾಯಿ. ಈ ಪರಿಹಾರ ಕೆಲಸವಿಲ್ಲದ ದಿನಗಳಿಗಷ್ಟೇ ಸಲ್ಲುತ್ತದೆ, ನಡುವೆ ಬೇರೆ ಕಡೆ ವಿಮೆಯ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಚುನಾವಣೆಯ ಗುತ್ತಿಗೆದಾರ ನಾಲ್ಕು ದಿನಕ್ಕಾಗಿ ಅವನ ಹೆಸರಲ್ಲಿ ಇಎಸ್‌ಐ ವಂತಿಗೆ ಕಟ್ಟಿದರೆ, 90 ದಿನದ ಆಸರೆ ನಡುವೆ ಮುರಿಯುವ ಭಯವಿದೆ. ಕೆಲಸ ಒಪ್ಪುವ ಮುಂಚೆಯೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಇನ್ನೂ ಕೆಲಸದಲ್ಲಿರುವ ಕೂಲಿಕಾರರಿಗೂ ಒಂದು ಮಾತು. ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ಕಲಮಿನಂತೆ ಮತದಾನದ ದಿನ ಸಂಬಳ ಸಹಿತ ರಜೆ ಸಿಗಬೇಕು. ದಿನಗೂಲಿಯವರೂ ಇದರೊಳಗೆ ಬರುತ್ತಾರೆ. ಓಟಿನ ಹಕ್ಕು ಚಿಕ್ಕೋಡಿ ಕಡೆಯ ಊರಿನಲ್ಲಿದ್ದು ದುಡಿಮೆ ಇಚಲಕರಂಜಿಯಲ್ಲಿದ್ದರೂ ಈ ರಜೆ ಅವರದೇ. ಆ ದಿನದ ಪಗಾರ ಮುರಿದರೆ ಮಾಲಕನಿಗೆ ದಂಡ ಬೀಳುತ್ತದೆ.

ಅಂಕಿಅಂಶದವರ ಲೆಕ್ಕವೇ ಬೇರೆ

ಗೊಂದಲ ಹೆಚ್ಚಿಸುವ ಇನ್ನೊಂದು ಲೆಕ್ಕವಿದೆ. ದೇಶದಲ್ಲಿ ಎಷ್ಟು ಮಂದಿ ನಿರುದ್ಯೋಗಿಗಳು ಎಂದು ಅಳೆಯಲು 2017ರಿಂದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ ನಡೆಯುತ್ತಿದೆ. ಅದರ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳ ಪೈಕಿ ಯಾವುದೇ ಒಂದು ದಿನ ಒಂದು ತಾಸು ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಸಮೀಕ್ಷೆಯವರು ಮೇ 8ರಂದು ಹುಡುಗನ ಮನೆಗೆ ಬಂದಿದ್ದರೆ ಅವನು ಉದ್ಯೋಗಸ್ಥರ ಸಾಲಿಗೆ ಸೇರುತ್ತಿದ್ದ. ವರ್ಷದ ಲೆಕ್ಕದಲ್ಲಿ ಅದೇ ಹುಡುಗ ನಿರುದ್ಯೋಗಿ, ಏಕೆಂದರೆ ಅಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಅವನು ಏನು ಮಾಡುತ್ತಿದ್ದ ಎಂದು ನೋಡುತ್ತಾರೆ. ದೇಶದ ಸ್ಥಿತಿ ತಿಳಿಯಲು ಎರಡೂ ಲೆಕ್ಕ ಬೇಕು. ಆದರೆ ಒಬ್ಬರ ಭತ್ಯೆಯನ್ನು ತೀರ್ಮಾನಿಸುವುದು ಆಯಾ ಯೋಜನೆಯ ನಿಯಮ. ಸಮೀಕ್ಷೆಯ ‘ಒಂದು ತಾಸು’ ಅಲ್ಲಿಗೆ ಬರಕೂಡದು.

ಚುನಾವಣೆಯ ಬಿಡಿ ಕೆಲಸವನ್ನು ನೌಕರಿ ಎಂದು ಎಣಿಸಬೇಕೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಕಾಯ್ದೆಯಲ್ಲೇ ಒಂದು ಗೆರೆ ಎಳೆದಿದ್ದಾರೆ. ಚುನಾವಣಾ ಕೆಲಸಗಾರರಿಗೆ ವರ್ಷಕ್ಕೆ 1,000 ಡಾಲರಿಗಿಂತ ಕಡಿಮೆ ಗೌರವಧನ ಸಿಕ್ಕರೆ, ಆ ದುಡಿಮೆಯನ್ನು ನಿರುದ್ಯೋಗ ವಿಮೆಯ ವ್ಯಾಪ್ತಿಯ ಹೊರಗಿಡಲು ಅಲ್ಲಿಯ ಕೇಂದ್ರ ತೆರಿಗೆ ಕಾಯ್ದೆ ಅವಕಾಶ ಕೊಡುತ್ತದೆ. ವಾರದ ಭತ್ಯೆಯಲ್ಲಿ ಆ ಹಣವನ್ನು ಹೇಗೆ ಹಿಡಿಯಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದರೆ ಚುನಾವಣೆಯ ಪುಟ್ಟ ಕೆಲಸ ಎಂಬುದೊಂದು ಬೇರೆಯೇ ಬಗೆ ಎಂದು ಕಾಯ್ದೆ ಹೆಸರಿಟ್ಟು ಗುರುತಿಸಿದೆ. ನನಗೆ ಮುಖ್ಯವಾಗಿ ಕಂಡದ್ದು ಅದು.

ಒಂದು ಸಾಲು ಸಾಕು

ನಮ್ಮಲ್ಲೂ ಇದು ದೊಡ್ಡ ತಿದ್ದುಪಡಿಯ ಕೆಲಸವಲ್ಲ. ಆಡಳಿತದ ಆದೇಶದಂತೆ ಇಂತಿಷ್ಟು ದಿನದೊಳಗಿನ ಚುನಾವಣಾ ಕೆಲಸ ಮಾಡಿ ಪಡೆದ ಗೌರವಧನವನ್ನು ನೌಕರಿ ಎಂದು ಎಣಿಸುವುದಿಲ್ಲ ಎಂಬ ಒಂದು ಸಾಲನ್ನು ಯುವನಿಧಿಯ ಘೋಷಣೆಯ ಕೆಳಗೆ ಅಚ್ಚು ಮಾಡಿದರೆ ಸಾಕು. ಖಾತರಿ ಕೆಲಸದ ನಿಯಮಗಳಲ್ಲಿ, ಚುನಾವಣಾ ಆದೇಶದ ಪ್ರತಿ ತೋರಿಸಿದವರ ಆ ದಿನಗಳನ್ನು ಗೈರುಹಾಜರಿಯಾಗಿ ಎಣಿಸಬೇಡಿ ಎಂದು ಸೇರಿಸಿದರೆ ಸಾಕು. ಮತ ಹಾಕಿ ಎಂದು ಊರೂರಿಗೆ ಜಾಥಾ ಹೋಗುತ್ತದೆ. ಮತದಾನ ನಡೆಸಿಕೊಡಲು ಕೈಜೋಡಿಸಿದ ಬಡವರ ಮಕ್ಕಳಿಗೆ ಅದರಿಂದ ನಷ್ಟವಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಆ ಸಾಲು ಬರುವ ತನಕ ನಮ್ಮ ಎಚ್ಚರದಲ್ಲಿ ನಾವಿರಬೇಕು. ಆದೇಶದ ಪ್ರತಿ ಕೇಳಿ ಪಡೆಯಿರಿ. ಹಣವನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಗುತ್ತಿಗೆದಾರನಾದರೆ ಭವಿಷ್ಯನಿಧಿ, ಇಎಸ್‌ಐ ಕಟ್ಟುತ್ತಾನೆಯೇ, ಬಿಟ್ಟ ದಿನಾಂಕ ತುಂಬುತ್ತಾನೆಯೇ ಎಂದು ಮೊದಲೇ ಕೇಳಿ. ಮಸ್ಟರಿನಲ್ಲಿ ಹೆಸರಿದ್ದರೆ ಅನುಮತಿಯ ಅರ್ಜಿ ಕೊಟ್ಟು ಹೋಗಿ, ಒಂದು ವಾರದ ಗಡಿ ದಾಟಬೇಡಿ. ಘೋಷಣೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ. ನಿಜಕ್ಕೂ ಕೆಲಸ ಸಿಕ್ಕ ದಿನ ಭತ್ಯೆಯನ್ನು ನೀವೇ ಮುಂದಾಗಿ ಬಿಟ್ಟುಕೊಡಿ, ಅದು ಇನ್ನೊಬ್ಬರ ಮನೆಯ ಪಾಲು.

ನೂಲದ ಅಕ್ಕನ ಜೊತೆ ಆಮೇಲೆ ನಾನೇ ಪಂಚಾಯಿತಿಗೆ ಹೋಗಿದ್ದೆ. ಕೆಲಸದ ಬೇಡಿಕೆ ಬರೆದುಕೊಟ್ಟೆವು. ಪಾವತಿ ಕೈಗೆ ಬಂದಾಗ ಅವಳು ಅದರ ಮೇಲಿನ ತಾರೀಖನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ಜಾಬ್ ಕಾರ್ಡಿನ ನಡುವೆ ಇಟ್ಟು, ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಳು. “ಮುಂದಿನ ಎಲೆಕ್ಷನ್‌ಗೆ ಭಾಕ್ರಿ ಬಡಿಯಾಕ ಕರದ್ರ ಮೊದಲ ಚೀಟಿ ಬರಸ್ತೇನ್ರಿ, ಆಮ್ಯಾಲ ಒಲಿ ಹಚ್ಚತೇನಿ” ಅಂದಳು.